ಜಪಾನಿನ ಕಿತ್ತಳೆಯೂ ನಮ್ಮ ಕೊಡಗಿನ ಕಿತ್ತಳೆಯೂ

ಮುಂಗಾರಿಗೆ ಇನ್ನು ತಿಂಗಳಷ್ಟೇ ಉಳಿದಿದೆ. ತೋಟಗಳಲ್ಲಿ ಗುಂಡಿ ತೆಗೆಯುವ ಕಾಲ. ಯಾವ ಗಿಡ ಹಾಕಬೇಕು, ಎಲ್ಲಿಂದ ತರಬೇಕು ಎಂಬ ಮಾತು ಈಗ ಮನೆ ಮನೆಯಲ್ಲೂ ನಡೆಯುತ್ತಿರುತ್ತದೆ. ಅಂಥ ಒಂದು ಮನೆಯ ಮಾತಿನಿಂದಲೇ ಇಂದಿನ ವಿಷಯವನ್ನು ಆರಂಭಿಸುತ್ತೇನೆ.

ಹೋದ ವಾರ ಸೋಮವಾರಪೇಟೆ ಕಡೆಯ ಒಂದು ಮನೆಗೆ ಹೋಗಿದ್ದೆ. ಎರಡೂವರೆ ಎಕರೆ ಕಾಫಿ. ಅದರ ನಡುವೆ ಹಿಂದೆ ನೂರಕ್ಕೂ ಮೇಲೆ ಕಿತ್ತಳೆ ಮರ ಇದ್ದವಂತೆ. ಈಗ ಉಳಿದಿರುವುದು 14. ಯಜಮಾನರು ಜಗಲಿಯ ಮೇಲೆ ಒಂದು ಬಣ್ಣದ ಕಾಗದ ಹರಡಿಕೊಂಡು ಕೂತಿದ್ದರು. "ಜಪಾನ್ ಬೀಜರಹಿತ ಕಿತ್ತಳೆ, ಸತ್ಸುಮಾ. ಎರಡೇ ವರ್ಷಕ್ಕೆ ಫಸಲು. ಯಾವ ಮಣ್ಣಿಗೂ ಸರಿ. ರೋಗವೇ ಇಲ್ಲ" ಎಂದು ಅದರಲ್ಲಿ ಅಚ್ಚಾಗಿತ್ತು. ಗಿಡವೊಂದಕ್ಕೆ 450 ರೂಪಾಯಿ. 200 ಗಿಡಕ್ಕೆ 90,000 ರೂಪಾಯಿ ಆಯಿತು. ಸಂಘದಲ್ಲಿ ಸಾಲ ಕೇಳಿದ್ದಾರೆ. "ಉಳಿದ ಹದಿನಾಲ್ಕು ಮರಾನೂ ಕಡಿದು ಹಾಕ್ತೀನಿ ಸಾರ್, ಜಾಗ ಆಗ್ಲಿ" ಎಂದರು.

ಕಾಫಿ ಲೋಟ ತಂದಿಟ್ಟ ಸೊಸೆ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. "ಹಣ್ಣು ಚೆನ್ನಾಗೇ ಇರ್ಬೋದು ಮಾವ. ಆದ್ರೆ ನಮ್ಮ ಮರ ಯಾಕೆ ಸತ್ತವು ಅಂತ್ಲೇ ಗೊತ್ತಿಲ್ವಲ್ಲ. ಅದೇ ಗುಂಡೀಲಿ ಬೇರೆ ಗಿಡ ನೆಟ್ರೆ ಅದು ಬದುಕುತ್ತೆ ಅಂತ ಏನು ನಂಬಿಕೆ?" ಎಂದಳು. ಯಜಮಾನರು ನನ್ನ ಮುಖ ನೋಡಿದರು. ಅಲ್ಲಿ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಆದ್ದರಿಂದ ಇವತ್ತು ಸಾವಕಾಶವಾಗಿ ಹೇಳುತ್ತೇನೆ.

ಮೊದಲು ಈ ಸತ್ಸುಮಾ ಎಂದರೇನು ನೋಡೋಣ. ಕಾಗದದಲ್ಲಿ ಅಚ್ಚಾದದ್ದೆಲ್ಲ ಸುಳ್ಳಲ್ಲ. ಅದು ಕಿತ್ತಳೆಯೇ, ನಮ್ಮ ಕೊಡಗಿನ ಕಿತ್ತಳೆಗೆ, ನಾಗಪುರದ ಸಂತ್ರಕ್ಕೆ ದಾಯಾದಿ. ಜಪಾನಿನವರು ಅದನ್ನು ಉನ್‌ಶೂ ಮಿಕಾನ್ ಎನ್ನುತ್ತಾರೆ. ಉನ್‌ಶೂ ಎಂಬುದು ಚೀನಾ ದೇಶದ ಒಂದು ಊರಿನ ಹೆಸರು. ಹಣ್ಣು ಮಾತ್ರ ಚೀನಾದ್ದಲ್ಲ. ನಮ್ಮ ಮೂಸಂಬಿಗೆ ಆಫ್ರಿಕದ ಮೊಜಾಂಬಿಕ್ ದೇಶದ ಹೆಸರು ಅಂಟಿಕೊಂಡಿದೆ ಅಂತಾರಲ್ಲ, ಹಾಗೆಯೇ ಇದೂ. ಹುಟ್ಟಿದ್ದು ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣದ ಕಾಗೋಶಿಮಾ ಸೀಮೆಯಲ್ಲಿ, ಕೆಲವು ಶತಮಾನಗಳ ಹಿಂದೆ, ಎರಡು ಹಳೆಯ ತಳಿಗಳು ಬೆರೆತು. ಆ ಸೀಮೆಯ ಒಂದು ಭಾಗಕ್ಕೆ ಹಿಂದೆ ಸತ್ಸುಮಾ ಎಂಬ ಹೆಸರಿತ್ತು. ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ವ್ಯಾನ್ ವಾಲ್ಕೆನ್‌ಬರ್ಗ್ ಎಂಬವರ ಪತ್ನಿ 1878ರಲ್ಲಿ ಈ ಗಿಡಗಳನ್ನು ತಮ್ಮ ದೇಶಕ್ಕೆ ತರಿಸಿದಾಗ ಆ ಹೆಸರನ್ನೇ ಇಟ್ಟರು. ಹೊರದೇಶಗಳಲ್ಲಿ ಅದೇ ಉಳಿಯಿತು.

ಹಣ್ಣಿಗೆ ಬೀಜ ಇರುವುದಿಲ್ಲ ಎಂಬುದು ನಿಜ. ಅದರ ಹೂವಿನ ಪರಾಗಕ್ಕೆ ಕಸುವಿಲ್ಲ. ಪರಾಗ ಕೂಡದೆಯೇ ಕಾಯಿ ಕಟ್ಟುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಜಾತಿಯ ಗಿಡವಿದ್ದು ಜೇನುಹುಳು ಪರಾಗ ತಂದುಹಾಕಿದರೆ ಅಲ್ಲೊಂದು ಇಲ್ಲೊಂದು ಬೀಜ ಕಾಣಬಹುದು, ಅಷ್ಟೇ. ಇದರಲ್ಲೊಂದು ತಮಾಷೆಯಿದೆ. ಬೀಜವಿಲ್ಲದ ಹಣ್ಣು ತಿಂದರೆ ವಂಶ ಬೆಳೆಯುವುದಿಲ್ಲ ಎಂದು ಹಿಂದಿನ ಕಾಲದಲ್ಲಿ ಜಪಾನಿನವರು ಇದನ್ನು ದೂರ ಇಟ್ಟಿದ್ದರಂತೆ. ಆಗ ಅವರ ಆದರವೆಲ್ಲ ಬೀಜವಿದ್ದ ಸಣ್ಣ ಕಿತ್ತಳೆಗೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಅಂಜಿಕೆ ಹೋಗಿ, ಗುಡ್ಡಗುಡ್ಡವೇ ಮಿಕಾನ್ ತೋಟವಾಯಿತು. ಎಹಿಮೆ, ವಾಕಾಯಾಮಾ ಎಂಬ ಸೀಮೆಗಳಲ್ಲಿ ಸಮುದ್ರಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಕಲ್ಲು ಕಟ್ಟಿ ಮೆಟ್ಟಿಲು ಮಾಡಿ ಬೆಳೆಯುತ್ತಾರೆ. ತಮ್ಮ ಹಣ್ಣಿಗೆ ಮೂರು ಸೂರ್ಯರು ಎಂದು ಎಹಿಮೆಯವರು ಹೇಳಿಕೊಳ್ಳುತ್ತಾರೆ: ಆಕಾಶದ ಸೂರ್ಯ, ನೀರಿನಿಂದ ಮಿಂಚಿ ಬರುವ ಬೆಳಕು, ಕಲ್ಲುಗೋಡೆಯಿಂದ ಹೊಡೆಯುವ ಬಿಸಿಲು.

ಇನ್ನು ಹೋಲಿಕೆಯ ವಿಷಯ. ನಮ್ಮ ಅಡುಗೆಮನೆಗೆ ಬರುವ ಈ ಹುಳಿಹಣ್ಣುಗಳೆಲ್ಲ ಒಂದೇ ದೊಡ್ಡ ಮನೆತನದವು. ಹಿರಿಯರು ಕೆಲವರೇ, ಅವರಲ್ಲಿ ಮುಖ್ಯವಾದವರು ಕಿತ್ತಳೆ, ಚಕ್ಕೋತ, ಮಾದಲ. ಕಿತ್ತಳೆಗೂ ಚಕ್ಕೋತಕ್ಕೂ ಸಂಬಂಧ ಬೆಳೆದು ಮೂಸಂಬಿಯ ಜಾತಿ ಬಂತು. ನಮ್ಮ ನಿಂಬೆಯಲ್ಲಿ ಮಾದಲದ ರಕ್ತವಿದೆ. ಮೂಸಂಬಿಯ ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ, ಚಾಕು ಬೇಕು. ಆದರೆ ಎರಡು ಮೂರು ವಾರ ಇಟ್ಟರೂ ಕೆಡದು, ಲಾರಿಯ ಕುಲುಕಾಟಕ್ಕೂ ಹೆದರದು. ದೇವನಹಳ್ಳಿಯ ಚಕ್ಕೋತಕ್ಕೆ ಸಿಪ್ಪೆಯೇ ಕವಚ. ಹೇರಳೆಕಾಯಿ ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ. ಅದನ್ನು ಬಿಡಿಸಿ ತಿನ್ನುವವರಿಲ್ಲ. ಕಿತ್ತಳೆ ಮಾತ್ರ ಮಕ್ಕಳ ಕೈಯಲ್ಲೇ ಸಿಪ್ಪೆ ಬಿಡುವ ಹಣ್ಣು. ಅದೇ ಅದರ ಗುಣ, ಅದೇ ಅದರ ದೋಷವೂ ಹೌದು. ಸಿಪ್ಪೆ ಸಡಿಲವಾದಷ್ಟೂ ಏಟು ಬೇಗ ತಗಲುತ್ತದೆ, ಬೇಗ ಕೊಳೆಯುತ್ತದೆ. ಸತ್ಸುಮಾದಲ್ಲಿ ಸಿಪ್ಪೆ ಇನ್ನೂ ಸಡಿಲ. ಹಣ್ಣನ್ನು ಮರದಲ್ಲೇ ಹೆಚ್ಚು ದಿನ ಬಿಟ್ಟರೆ, ಅದರಲ್ಲೂ ಹವೆ ಬೆಚ್ಚಗೆ ತೇವವಾಗಿದ್ದರೆ, ಸಿಪ್ಪೆ ಉಬ್ಬಿ ಒಳಗೆ ಗಾಳಿ ತುಂಬಿದ ಹಾಗಾಗುತ್ತದೆ. ಕೈಯಲ್ಲಿ ಹಿಡಿದರೆ ದೊಡ್ಡ ಹಣ್ಣು. ಬಿಡಿಸಿದರೆ ಒಳಗೆ ಸಣ್ಣ ಉಂಡೆ.

ಇಲ್ಲೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸತ್ಸುಮಾ ಚಳಿಯ ಕೂಸು. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗಿದ ಮರ ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ತಿನ್ನುವ ಕಿತ್ತಳೆಗಳಲ್ಲಿ ಇಷ್ಟು ಚಳಿ ತಡೆಯುವುದು ಬಹಳ ಕಡಿಮೆ. ಜಪಾನಿನಲ್ಲಿ ಇದನ್ನು ಬೆಳೆಯುವ ಕಡೆ ವರ್ಷದ ಸರಾಸರಿ ಉಷ್ಣತೆ 15ರಿಂದ 18 ಡಿಗ್ರಿ. ನಮ್ಮ ಕೊಡಗು ತಂಪಿನ ನಾಡು ಎಂದು ನಾವೇನೋ ಹೆಮ್ಮೆ ಪಡುತ್ತೇವೆ. ಆ ಲೆಕ್ಕದಲ್ಲಿ ನಮ್ಮದು ಬೆಚ್ಚಗಿನ ಊರೇ. ಹಣ್ಣಿಗೆ ಕೇಸರಿ ಬಣ್ಣ ಏರಬೇಕಾದರೆ ರಾತ್ರಿ ತಣ್ಣಗಾಗಬೇಕು. ಸತ್ಸುಮಾ ತಿರುಳು ಮೊದಲು ಹಣ್ಣಾಗಿ ಸಿಪ್ಪೆ ಆಮೇಲೆ ಬಣ್ಣ ತಿರುಗುವ ಜಾತಿ. ಬೆಚ್ಚಗಿನ ಸೀಮೆಯಲ್ಲಿ ಸಿಪ್ಪೆ ಹಸಿರಾಗಿರುವಾಗಲೇ ಒಳಗಿನ ಹುಳಿ ಇಳಿದು ರುಚಿ ಸಪ್ಪೆಯಾಗಲು ಹೊರಡುತ್ತದೆ. ಹಸಿರು ಹಣ್ಣನ್ನು ತೆಗೆದುಕೊಂಡು ಮೈಸೂರಿನ ಮಂಡಿಗೆ ಹೋಗಿ, ಇದು ಒಳಗೆ ಹಣ್ಣಾಗಿದೆ ಸ್ವಾಮಿ ಎಂದರೆ ಯಾರು ಕೇಳುತ್ತಾರೆ?

ಮರದ ಮೈಕಟ್ಟನ್ನೂ ನೋಡಿ. ನಮ್ಮ ಕೊಡಗಿನ ಕಿತ್ತಳೆ ನೆಟ್ಟಗೆ ಮೇಲಕ್ಕೆ ಹೋಗುವ ಮರ. ಅದಕ್ಕೇ ಹಿರಿಯರು ಅದನ್ನು ಕಾಫಿಯ ನಡುವೆ ಇಟ್ಟರು. ಕೆಳಗೆ ಕಾಫಿ, ಮೇಲೆ ಕಿತ್ತಳೆ, ಅದರ ಮೇಲೆ ಮೆಣಸಿನ ಬಳ್ಳಿ ಹತ್ತಿದ ನೆರಳಿನ ಮರ. ಸತ್ಸುಮಾ ಗಿಡ ನಿಧಾನವಾಗಿ ಬೆಳೆದು ಅಗಲಕ್ಕೆ ಹರಡಿ ಕೊಂಬೆ ಜೋತು ಬಿಡುತ್ತದೆ. ನೆಲದಲ್ಲಿ ನಿಂತೇ ಹಣ್ಣು ಕೀಳಬಹುದು, ಒಪ್ಪಿದೆ. ಆದರೆ ಕಾಫಿ ಗಿಡದ ಎತ್ತರಕ್ಕೇ ನಿಂತು ಅದರ ಜೊತೆ ಜಾಗಕ್ಕೆ ಜಗಳವಾಡುತ್ತದೆ, ಮೇಲಿನ ನೆರಳಿಗೆ ಸೊರಗುತ್ತದೆ. ಬಯಲಲ್ಲಿ ಅದೊಂದನ್ನೇ ಬೆಳೆಯುವವರಿಗೆ ಸರಿಹೋದ ಆಕಾರ, ನಮ್ಮ ತೋಟಕ್ಕೆ ಸರಿಹೋಗದು. ರುಚಿಯಲ್ಲಿ ನಾನು ಪಕ್ಷಪಾತಿ ಎಂದು ನೀವು ನಗಬಹುದು. ಸತ್ಸುಮಾ ಮೃದು, ಸಿಹಿ, ಬಾಯಲ್ಲಿ ಕರಗುತ್ತದೆ. ನಮ್ಮ ಹಣ್ಣಿನಲ್ಲಿ ಹದಿನೈದು ಇಪ್ಪತ್ತು ಬೀಜ ಉಗುಳಬೇಕು. ಆದರೂ ಸಿಹಿಗೆ ಸರಿಸಮನಾಗಿ ನಿಲ್ಲುವ ಆ ಹುಳಿಯಿದೆಯಲ್ಲ, ಸಿಪ್ಪೆ ಸುಲಿದ ಕೂಡಲೇ ಮನೆಯೆಲ್ಲ ಹರಡುವ ಆ ಪರಿಮಳವಿದೆಯಲ್ಲ, ಅದು ನಮ್ಮದರಲ್ಲೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಜಪಾನಿನ ಗಿಡದಿಂದ ನಮಗೇನೂ ಪ್ರಯೋಜನವಿಲ್ಲವೇ? ಇದೆ. ಅದು ಹಣ್ಣಿನಲ್ಲಿಲ್ಲ, ಬೇರಿನಲ್ಲಿದೆ. ಬಣ್ಣದ ಕಾಗದದಲ್ಲಿ ಒಂದಕ್ಷರವೂ ಇಲ್ಲದ ವಿಷಯ ಇದೇ.

ಬೀಜವಿಲ್ಲದ ಗಿಡವನ್ನು ಬೀಜದಿಂದ ಎಬ್ಬಿಸುವುದು ಹೇಗೆ? ಸಾಧ್ಯವಿಲ್ಲ, ಕಣ್ಣು ಕಸಿಯೇ ಗತಿ. ಜಪಾನಿನವರು ಮೂರೆಲೆ ಕಿತ್ತಳೆ ಎಂಬ ಮುಳ್ಳು ಗಿಡವನ್ನು ಬೇರುಸಸಿಯಾಗಿ ಮಾಡಿಕೊಂಡು ಅದರ ಮೇಲೆ ಸತ್ಸುಮಾದ ಕಣ್ಣು ಕೂರಿಸುತ್ತಾರೆ. ಒಂದೊಂದು ತೊಟ್ಟಿಗೆ ಮೂರು ಎಲೆ, ಚಳಿಗಾಲಕ್ಕೆ ಎಲೆಯೆಲ್ಲ ಉದುರಿಸುವ ಗಿಡ, ಹಣ್ಣು ಬಾಯಿಗಿಡಲಾರದಷ್ಟು ಕಹಿ. ಆದರೆ ಅದರ ಬೇರು ಚಳಿಗೆ ಬಗ್ಗುವುದಿಲ್ಲ, ಬೇರು ಕೊಳೆಯುವ ರೋಗವನ್ನೂ ಚೆನ್ನಾಗಿ ತಡೆಯುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಾದರೆ ಮಾತ್ರ ಬಿಳಿಚಿಕೊಳ್ಳುತ್ತದೆ. ನಮ್ಮಲ್ಲಿ ಬೀಜದ ಸಸಿಗಳೇ ರೂಢಿ. ಅದರಲ್ಲೂ ಒಂದು ಅನುಕೂಲವಿದೆ ಅನ್ನಿ. ಕಿತ್ತಳೆಯ ಒಂದು ಬೀಜದಿಂದ ಎರಡು ಮೂರು ಮೊಳಕೆ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಗುಣವನ್ನೇ ಹೊತ್ತು ಬರುತ್ತವೆ. ಆದರೆ ಬೇರೂ ತಾಯಿಯದೇ ಆಗುತ್ತದೆ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಹಿಡಿಯುವ ನೆಲದಲ್ಲಿ ಆ ಬೇರು ಕೊಳೆಗೆ ಸುಲಭವಾಗಿ ತುತ್ತಾಗುತ್ತದೆ. ಆದ್ದರಿಂದ ಕೊಡಗಿನ ಕಿತ್ತಳೆಯ ಕಣ್ಣನ್ನೇ ಮೂರೆಲೆ ಕಿತ್ತಳೆ ಅಥವಾ ರಂಗಪುರ ನಿಂಬೆಯ ಬೇರಿನ ಮೇಲೆ ಕೂರಿಸಿದ ಗಿಡವನ್ನು ಕೇಳಿ ತನ್ನಿ.

ಕೇಳಿ ತನ್ನಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 1908ರಿಂದ 1911ರ ನಡುವೆ ಅಮೆರಿಕದ ದಕ್ಷಿಣ ಕರಾವಳಿಯ ರೈತರು ಸತ್ಸುಮಾದ ಹುಚ್ಚಿಗೆ ಬಿದ್ದು ಜಪಾನಿನಿಂದ ಸುಮಾರು ಹತ್ತು ಲಕ್ಷ ಕಸಿಗಿಡಗಳನ್ನು ಹಡಗಿನಲ್ಲಿ ತರಿಸಿದರು. ಸತ್ಸುಮಾ ಎಂದೇ ಹೆಸರಿಟ್ಟುಕೊಂಡ ಊರುಗಳು ಅಲ್ಲಿ ಇಂದಿಗೂ ಇವೆ. ಆ ಕಾಲದಲ್ಲಿ ಜಪಾನಿನಿಂದ ಬಂದ ಮೂರೆಲೆ ಕಿತ್ತಳೆಯ ಸಸಿಗಳ ಜೊತೆಗೆ ಕಜ್ಜಿ ರೋಗವೂ ಹಡಗು ಹತ್ತಿತು. ನಮ್ಮ ನಿಂಬೆಗಿಡದ ಎಲೆ ಕಾಯಿಗಳ ಮೇಲೆ ಒರಟು ಕಂದು ಗಂಟು ಏಳುತ್ತದಲ್ಲ, ಅದೇ ರೋಗ. ಅದನ್ನು ನಿರ್ಮೂಲ ಮಾಡಲು ಲಕ್ಷಗಟ್ಟಲೆ ಗಿಡಗಳಿಗೆ ಬೆಂಕಿ ಇಡಬೇಕಾಯಿತು. ಸತ್ಸುಮಾಕ್ಕೆ ಆ ರೋಗ ಅಷ್ಟಾಗಿ ತಗಲುವುದಿಲ್ಲ. ಸುಟ್ಟುಹೋದವರಲ್ಲಿ ಬಹಳ ಮಂದಿ ಬೇರೆ ಹಣ್ಣು ಬೆಳೆಯುತ್ತಿದ್ದವರು. ಸಂತೆಯಲ್ಲಿ ಹೆಸರು ಊರು ಇಲ್ಲದ ಗಿಡ ಕೊಂಡರೆ ನಷ್ಟ ಕೊಂಡವನಿಗೆ ಮಾತ್ರ ಅಂದುಕೊಳ್ಳಬೇಡಿ.

ಈಗ ಆ ಸೊಸೆಯ ಪ್ರಶ್ನೆಗೆ ಬರೋಣ. ಮರಗಳು ಯಾಕೆ ಸತ್ತವು?

ನಾವು ಮೂವರೂ ಕೂಡಿ ಉಳಿದ 14 ಮರಗಳನ್ನು ಒಂದೊಂದಾಗಿ ನೋಡಿಕೊಂಡು ಬಂದೆವು. ಒಂಬತ್ತರಲ್ಲಿ ಎಲೆ ಹಳದಿಯಾಗಿದ್ದರೂ ನಡುನರದ ಎರಡು ಕಡೆಯೂ ಒಂದೇ ಸಮ ಹಳದಿ, ನರಗಳು ಮಾತ್ರ ಹಸಿರು, ಎಲೆ ಸಣ್ಣದು. ಇದು ಸತುವಿನ ಕೊರತೆ. 100 ಲೀಟರ್ ನೀರಿಗೆ 500 ಗ್ರಾಂ ಜಿಂಕ್ ಸಲ್ಫೇಟ್, 250 ಗ್ರಾಂ ಸುಣ್ಣ ಸೇರಿಸಿ ಎಳೆ ಎಲೆ ಬಲಿಯುವ ಹೊತ್ತಿಗೆ ಸಿಂಪಡಿಸಿದರೆ ಸರಿಹೋಗುತ್ತದೆ. ಇವು ಕಡಿಯುವ ಮರಗಳಲ್ಲ. ಉಳಿದ ಐದರಲ್ಲಿ ಕಂಡದ್ದೇ ಬೇರೆ. ಎಲೆಯನ್ನು ನಡುನರದ ಮೇಲೆ ಮಡಿಸಿದರೆ ಈ ಕಡೆಯ ಮಚ್ಚೆ ಆ ಕಡೆಯದಕ್ಕೆ ಹೊಂದುವುದಿಲ್ಲ. ಒಂದು ಕೊಂಬೆ ಮಾತ್ರ ಹಳದಿ, ಪಕ್ಕದ್ದು ಹಸಿರು. ಹಣ್ಣು ಸೊಟ್ಟ, ತೊಟ್ಟಿನ ಕಡೆ ಬಣ್ಣ ಬಂದರೂ ತುದಿ ಹಸಿರಾಗಿಯೇ ಉಳಿದಿದೆ. ಕೊಯ್ದು ನೋಡಿದರೆ ಬೀಜ ಜೊಳ್ಳು, ರಸ ಕಹಿ. ಇದು ಗ್ರೀನಿಂಗ್ ರೋಗದ ಲಕ್ಷಣ. ಪ್ರಯೋಗಶಾಲೆಯಲ್ಲಿ ಎಲೆ ಪರೀಕ್ಷಿಸಿದರೆ ಖಚಿತವಾಗುತ್ತದೆ.

ಗ್ರೀನಿಂಗಿಗೆ ಮದ್ದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆ ಉದ್ಯಮದ ಬೆನ್ನನ್ನೇ ಮುರಿದಿದೆ. ರೋಗವನ್ನು ಮರದಿಂದ ಮರಕ್ಕೆ ಹೊರುವುದು ಸಿಲ್ಲಿಡ್ ಎಂಬ ಸಣ್ಣ ಹುಳು. ತಲೆ ತಗ್ಗಿಸಿ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ. ಗುರುತು ಹಿಡಿಯುವುದು ಸುಲಭ. ಎಳೆ ಚಿಗುರಿನಲ್ಲೇ ಮೊಟ್ಟೆ ಇಡುತ್ತದೆ. ತಾಯಂದಿರು ಗಮನಿಸಬೇಕು, ನಿಮ್ಮ ಹಿತ್ತಲ ಕರಿಬೇವಿನ ಚಿಗುರಿನಲ್ಲೂ ಈ ಹುಳು ಸಂಸಾರ ಹೂಡುತ್ತದೆ. ಕರಿಬೇವು ಕಡಿಯಿರಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಅದರ ಪಕ್ಕದಲ್ಲಿ ಕಿತ್ತಳೆ ಸಸಿ ಎಬ್ಬಿಸಬೇಡಿ, ಅಷ್ಟು ಸಾಕು. ಸತ್ಸುಮಾಕ್ಕೆ ರೋಗವೇ ಇಲ್ಲ ಎಂದು ಕಾಗದದಲ್ಲಿತ್ತಲ್ಲ, ಈ ರೋಗ ಅದನ್ನೂ ಬಿಡುವುದಿಲ್ಲ. ಆ ಐದು ಮರ ನಿಂತಿರುವ ತನಕ ಜಪಾನಿನದು ನೆಟ್ಟರೂ ನಾಗಪುರದ್ದು ನೆಟ್ಟರೂ ಗತಿ ಒಂದೇ. ರೋಗವಿದೆ ಎಂದು ಖಚಿತವಾದರೆ ಮೊದಲು ಹುಳುವಿಗೆ ಔಷಧಿ ಹೊಡೆದು ಆಮೇಲೆ ಮರ ತೆಗೆಯಬೇಕು. ಹಾಗೇ ಕಡಿದರೆ ಹುಳುಗಳು ಎದ್ದು ಪಕ್ಕದ ಮರಕ್ಕೆ ಹೋಗಿ ಕೂರುತ್ತವೆ. ಔಷಧಿ ಯಾವುದು, ಎಷ್ಟು ಎಂಬುದನ್ನು ನಿಮ್ಮ ತೋಟಗಾರಿಕೆ ಕಚೇರಿಯಲ್ಲಿ ಕೇಳಿ. ಅಂಗಡಿಯವನು ಕೊಟ್ಟದ್ದನ್ನು ತರಬೇಡಿ.

ಇನ್ನೊಂದು ಸಾವಿನ ದಾರಿ ನೀರು ನಿಲ್ಲುವುದು. ಇದನ್ನು ಹೇಳುವಾಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರ ಗದ್ದೆಯ ಅಂಚಿನಲ್ಲಿ 42 ಕಸಿಗಿಡ ನೆಡಿಸಿದೆ. ಗಾಳಿಗೆ ಅಲುಗಾಡದಿರಲಿ ಎಂದು ನಾನೇ ನಿಂತು ಆಳವಾಗಿ ಹೂಳಿಸಿದೆ. ಕಸಿಯ ಗಂಟು ಮಣ್ಣಿನೊಳಗೆ ಹೋಯಿತು. 2018ರ ಆಗಸ್ಟ್ ಮಳೆ ನಿಮಗೆ ನೆನಪಿದೆ. ಗುಂಡಿಗಳಲ್ಲಿ ವಾರಗಟ್ಟಲೆ ನೀರು ನಿಂತಿತು. ಮಳೆ ಬಿಟ್ಟ ಮೇಲೆ ಬುಡದ ತೊಗಟೆ ಒಡೆದು ಅಂಟು ಸೋರಿತು. ಮುಂದಿನ ಯುಗಾದಿಗೆ 31 ಗಿಡ ಒಣಗಿದ್ದವು. ಆ ರೈತರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಒಳ್ಳೆಯ ಬೇರುಸಸಿಯ ಗಿಡವೇ ಅದು. ಗಂಟು ಹೂತ ಮೇಲೆ ಆ ಬೇರಿನ ಗುಣ ಕೆಲಸಕ್ಕೆ ಬರಲಿಲ್ಲ, ಮೇಲಿನ ಕಿತ್ತಳೆಯ ತೊಗಟೆಗೇ ಕೆಸರು ತಾಗಿತು. ಆದ್ದರಿಂದ ಕಸಿಗಂಟು ನೆಲದಿಂದ ಒಂದು ಗೇಣು ಮೇಲೆ ಇರುವ ಗಿಡವನ್ನೇ ಆರಿಸಿ, ಗಂಟು ಅಷ್ಟೇ ಮೇಲೆ ಉಳಿಯುವಂತೆ ನೆಡಿ. ಗುಂಡಿ ಮುಚ್ಚಿದ ಮೇಲೆ ಬುಡ ಸುತ್ತಲಿನ ನೆಲಕ್ಕಿಂತ ಸ್ವಲ್ಪ ಏರಿರಲಿ, ತಗ್ಗಿನಲ್ಲಿ ಬಸಿಗಾಲುವೆ ಇರಲಿ. ಮಳೆಗೆ ಮೊದಲು ಬುಡಕ್ಕೆ ಬೋರ್ಡೋ ಮುಲಾಮು ಬಳಿಯಿರಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಕಾಫಿಗೆ, ಮೆಣಸಿಗೆ ಬೋರ್ಡೋ ಮಾಡಿ ಅಭ್ಯಾಸವಿರುವ ನಿಮಗೆ ಇದು ಹೊಸದಲ್ಲ.

ಜಪಾನಿನವರಿಂದ ಕಲಿಯಬಹುದಾದ ಸಣ್ಣ ಕೆಲಸಗಳೂ ಇವೆ. ಮಿಕಾನ್ ಮರ ಒಂದು ವರ್ಷ ಬಗ್ಗುವಷ್ಟು ಹೊತ್ತು ಮರುವರ್ಷ ಸುಮ್ಮನಾಗುತ್ತದೆ. ಅದಕ್ಕೆ ಅವರು ಕಾಯಿ ಎಳೆಯದಿರುವಾಗಲೇ ಒಂದಷ್ಟನ್ನು ಕಿತ್ತು ಹಾಕುತ್ತಾರೆ. ನಮ್ಮವರಿಗೆ ಕಾಯಿ ಕೀಳಲು ಕೈ ಬರುವುದಿಲ್ಲ. ಒಂದು ಮರದಲ್ಲಿ ಮಾಡಿ ನೋಡಿ. ಹಣ್ಣನ್ನು ಅವರು ಎಳೆದು ಕೀಳುವುದಿಲ್ಲ. ಕತ್ತರಿಯಿಂದ ಒಮ್ಮೆ ಕೊಂಬೆಯ ಕಡೆ ಕತ್ತರಿಸಿ, ಇನ್ನೊಮ್ಮೆ ತೊಟ್ಟನ್ನು ಹಣ್ಣಿಗೆ ಸಮನಾಗಿ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ತೊಟ್ಟಿನ ಬಳಿ ಸಿಪ್ಪೆ ಕಿತ್ತುಬರುವುದಿಲ್ಲ, ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚುವುದಿಲ್ಲ. ನಮ್ಮ ಬುಟ್ಟಿಗಳಲ್ಲಿ ಕೊಳೆಯುವ ಹಣ್ಣಿನಲ್ಲಿ ಬಹುಪಾಲು ಕೊಯ್ಲಿನ ದಿನವೇ ಗಾಯವಾದದ್ದು.

ಅವರು ತಪ್ಪು ಮಾಡಿಲ್ಲವೆಂದಲ್ಲ. 1960ರ ದಶಕದಲ್ಲಿ ಎಲ್ಲರೂ ಮಿಕಾನ್ ನೆಟ್ಟರು. 1972ರಲ್ಲಿ ಬೆಳೆ ಉಕ್ಕಿ ಬೆಲೆ ನೆಲ ಕಚ್ಚಿತು. 1975ರಲ್ಲಿ ಸುಮಾರು 36 ಲಕ್ಷ ಟನ್ ಬೆಳೆದಿದ್ದ ದೇಶ ಇಂದು ಅದರ ನಾಲ್ಕನೆಯ ಒಂದು ಪಾಲನ್ನೂ ಬೆಳೆಯುತ್ತಿಲ್ಲ. ಮರ ಕಡಿಸಿ ಬೇರೆ ಜಾತಿ ಹಾಕಿಸಲು ಸರ್ಕಾರವೇ ಮುಂದೆ ಬರಬೇಕಾಯಿತು.

ಸೋಮವಾರಪೇಟೆಯ ಆ ಯಜಮಾನರು ಮುಂಗಡ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಐದು ಮರಗಳ ಎಲೆಯನ್ನು ಪರೀಕ್ಷೆಗೆ ಕಳಿಸಿದ್ದೇವೆ. ಒಂಬತ್ತು ಮರಗಳಿಗೆ ಸತುವಿನ ಸಿಂಪರಣೆ ಸೊಸೆಯ ಪಾಲಿಗೆ ಬಂದಿದೆ. ಕೊಡಗಿನ ಕಿತ್ತಳೆಯ ಮೇಲೆಯೇ ಕೆಲಸ ಮಾಡುತ್ತಿರುವ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಹೋಗಿ ಕಸಿಗಿಡದ ವಿಚಾರ ಕೇಳಿಬರುತ್ತೇವೆ ಎಂದಿದ್ದಾರೆ. 200 ಅಲ್ಲ, ಈ ವರ್ಷಕ್ಕೆ 20. "ಜಪಾನಿಂದು ಒಂದೇ ಒಂದು ಗಿಡ ಮನೆ ಮುಂದೆ ಹಾಕ್ಕೊಳ್ಲಾ ಸಾರ್, ಮೊಮ್ಮಕ್ಕಳಿಗೆ?" ಎಂದು ಕೊನೆಗೆ ಕೇಳಿದರು. ಎಲ್ಲಿಂದ ಬಂತು, ಯಾವ ಬೇರಿನ ಮೇಲೆ ಕಟ್ಟಿದ್ದು ಎಂದು ಬರೆದು ಕೊಡುವವರು ಸಿಕ್ಕರೆ ಹಾಕಿಕೊಳ್ಳಿ ಯಜಮಾನ್ರೇ, ಮೊದಲ ಹಣ್ಣಿಗೆ ನನ್ನನ್ನೂ ಕರೆಯಿರಿ ಎಂದು ಹೇಳಿ ಬಂದಿದ್ದೇನೆ.

ನಿಮ್ಮ ತೋಟದಲ್ಲಿ ಮಡಿಸಿದರೆ ಹೊಂದದ ಮಚ್ಚೆಯ ಎಲೆ ಕಂಡರೆ, ಕೊಂಬೆಯ ಸಮೇತ ಒಂದು ಕಾಗದದ ಚೀಲದಲ್ಲಿ ಹಾಕಿಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಚೀಲದ ಬಾಯಿ ಕಟ್ಟಿರಲಿ, ದಾರಿಯಲ್ಲಿ ಹುಳು ಹಾರಿ ಹೋಗದ ಹಾಗೆ.